ತೋಬಿಯನ ಹಿಂದೆ ಹೋದ ನಾಯಿ



ಪವಿತ್ರ ಬೈಬಲಿನ ತೋಬಿತನ ಗ್ರಂಥವನ್ನು ಓದಿದವರಿಗೆ ಅದರಲ್ಲಿ ಬರುವ ನಾಯಿ ನೆನಪಿರಬಹುದು. ತಂದೆ ಕಣ್ಣು ಕಳೆದುಕೊಂಡಿದ್ದಾನೆ, ಮನೆಯಲ್ಲಿ ಬಡತನ. ದೂರದ ಊರಿನಲ್ಲಿ ಇರಿಸಿದ್ದ ಹಣವನ್ನು ತರಲು ಮಗ ತೋಬಿಯ ಹೊರಡುತ್ತಾನೆ. ತಾಯಿ ಅಳುತ್ತಾಳೆ. ದಾರಿಗೆ ಜೊತೆಯಾದವನು ರಫಾಯೇಲ ದೇವದೂತನೆಂದು ಯಾರಿಗೂ ಗೊತ್ತಿಲ್ಲ. ಇವರಿಬ್ಬರ ಹಿಂದೆ ಒಂದು ನಾಯಿಯೂ ಹೊರಡುತ್ತದೆ. ಅದಕ್ಕೆ ಹೆಸರಿಲ್ಲ. ಅದು ಏನು ಮಾಡಿತೆಂದೂ ಹೇಳಿಲ್ಲ. ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ ಅದರ ಮಾತು ಬರುತ್ತದೆ, ಅಷ್ಟೇ. ಸೆಮಿನರಿಯಲ್ಲಿ ಈ ಗ್ರಂಥವನ್ನು ಓದುವಾಗ ನಾವು ದೇವದೂತನ ಬಗ್ಗೆ ಪುಟಗಟ್ಟಲೆ ಬರೆದೆವು, ನಾಯಿಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಆ ನಾಯಿಯ ಕಡೆಗೆ ನಮ್ಮ ಗಮನ ಹೋದದ್ದು 2023ರ ಶರತ್ಕಾಲದಲ್ಲಿ, ಪುಣೆಯಲ್ಲಿ.

ಆಗ ನಾವು ಒಂದು ವರ್ಷದ ಓದಿಗೆಂದು ಪುಣೆಗೆ ಹೋಗಿದ್ದೆವು. ನಲವತ್ತು ದಾಟಿದ ಮೇಲೆ ಮತ್ತೆ ಪುಸ್ತಕದ ಚೀಲ ಹೆಗಲೇರಿತ್ತು. ನಾವು ಹಿಂದೆ ಸೇವೆ ಮಾಡಿದ ಸೋಲಾಪುರ ಕಡೆಯ ಧರ್ಮಕೇಂದ್ರದ ಹುಡುಗನೊಬ್ಬ ಅದೇ ನಗರದಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ಈ ಸಂಗತಿಯನ್ನು ಬರೆಯಲು ಅವನೂ ಅವನ ಮನೆಯವರೂ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡವೆಂದಿದ್ದಾರೆ. ಅಪ್ಪ ಪವರ್‌ಲೂಮಿನಲ್ಲಿ ಟವೆಲ್ ನೇಯುವವರು, ಅವ್ವ ಮನೆಯಲ್ಲಿ ಬೀಡಿ ಕಟ್ಟುವವರು. ಹುಡುಗ ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ಸೋಲಾಪುರದಿಂದ ಪುಣೆಗೆ ಸುಮಾರು 250 ಕಿಲೋಮೀಟರ್. ಮುಂಜಾನೆ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿದರೆ ನಾಲ್ಕು ತಾಸಿನ ದಾರಿ. ಆದರೆ ತರಗತಿಯಲ್ಲಿ ಇಂಗ್ಲಿಷು, ಕೋಣೆಯಲ್ಲಿ ಮರಾಠಿ ಮತ್ತು ಹಿಂದಿ, ಎಲ್ಲಿಯೂ ತನ್ನ ಮಾತು ಕೇಳಿಸದ ಹುಡುಗನಿಗೆ ಆ ದೂರ ಎಷ್ಟೆಂದು ನಾವು ಅಳೆದು ನೋಡಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದೆವು. “ಓದು ಹೆಂಗ ನಡದೈತಿ? ಭಾನುವಾರ ಪೂಜೆಗೆ ಹೋಗಿದ್ದೆಯಾ?” ಎಂದು ಕೇಳುತ್ತಿದ್ದೆವು. “ಹೂಂ ರಿ ಫಾದರ್” ಎನ್ನುತ್ತಿದ್ದ. ಎರಡು ಪ್ರಶ್ನೆಗೆ ಎರಡು ಉತ್ತರ. ಕುರುಬ ಕುರಿಯನ್ನು ಎಣಿಸಿಕೊಂಡಂತೆ ಎಣಿಸಿ ಸಮಾಧಾನಪಡುತ್ತಿದ್ದೆವು.

ಆ ವರ್ಷ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿ. ಪುಣೆಯ ಗಣೇಶ ವಿಸರ್ಜನೆಯನ್ನು ನೋಡಿದವರಿಗೆ ಗೊತ್ತು, ಢೋಲು ತಾಶೆಗಳ ಮೆರವಣಿಗೆ ಹಗಲು ರಾತ್ರಿ ನಡೆದು ಮರುದಿನದವರೆಗೂ ಮುಗಿಯುವುದಿಲ್ಲ. ಹುಡುಗನ ಕೋಣೆ ಇದ್ದದ್ದು ಸದಾಶಿವ ಪೇಠೆಯಲ್ಲಿ, ಟಿಳಕ್ ರಸ್ತೆಯಿಂದ ಒಳಗೆ, ಒಂದು ಹಳೆಯ ವಾಡೆಯ ಮಹಡಿಯ ಮೇಲೆ. ಮರುದಿನ, ಅಂದರೆ ಸೆಪ್ಟೆಂಬರ್ 29, ನಮ್ಮಲ್ಲಿ ಮಿಕಾಯೇಲ, ಗಬ್ರಿಯೇಲ, ರಫಾಯೇಲ ಮಹಾದೂತರ ಹಬ್ಬ. ಬೆಳಗಿನ ಪೂಜೆ ಮುಗಿಸಿ ಬಂದಾಗ ಫೋನ್ ಬಂತು. ಅವನಾಗಿ ನಮಗೆ ಫೋನ್ ಮಾಡಿದ್ದು ಅದೇ ಮೊದಲು.

“ಫಾದರ್, ರಾತ್ರಿ ಒಂದು ನಾಯಿಮರಿ ಸಿಕ್ಕೈತ್ರಿ. ಢೋಲಿನ ಸಪ್ಪಳಕ್ಕ ಅಂಜಿ ಸ್ಕೂಟರ್ ಬುಡಕ ಕುಂತಿತ್ತು. ತಾಯಿ ಎಲ್ಲೂ ಕಾಣವಲ್ದು.”

ಅವನ ದನಿಯಲ್ಲಿ ನಾವು ಹಿಂದೆಂದೂ ಕೇಳದ ಗೆಲುವಿತ್ತು. ನಾವು ಅದನ್ನು ಕೇಳಿಸಿಕೊಳ್ಳಲಿಲ್ಲ. ಅಪ್ಪನ ದುಡಿಮೆ, ಅವ್ವನ ಬೀಡಿ, ಕಾಲೇಜಿನ ಶುಲ್ಕ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ನೆನಪಿಸಿದೆವು. ಪ್ರಾಣಿಗಳಿಗೆ ದಯೆ ತೋರಬೇಕು, ಆದರೆ ಮನುಷ್ಯರ ಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯಬಾರದು ಎಂಬ ಧರ್ಮಸಭೆಯ ಬೋಧನೆ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನೂ ಹೇಳಿದೆವು. ಅವನು ಎಲ್ಲವನ್ನೂ ಕೇಳಿ, “ಹೂಂ ರಿ ಫಾದರ್” ಅಂದ.

ಅಕ್ಟೋಬರ್ ಮೊದಲ ವಾರ ನೋಡಲು ಹೋದೆವು. ಮಳೆ ನಿಂತು ಪುಣೆಯವರು ‘ಅಕ್ಟೋಬರ್ ಹೀಟ್’ ಎನ್ನುವ ಬಿಸಿಲು ಶುರುವಾಗಿತ್ತು. ಕೋಣೆಯಲ್ಲಿ ಮೂವರು ಹುಡುಗರು. ಒಬ್ಬ ನಾಂದೇಡದವನು, ಇನ್ನೊಬ್ಬ ಜಾರ್ಖಂಡದವನು, ಮೂರನೆಯವನು ನಮ್ಮವನು. ನೆಲದ ತುಂಬ ಹಳೆಯ ಮರಾಠಿ ಪತ್ರಿಕೆಗಳು ಹಾಸಿದ್ದವು. ಅವುಗಳ ನಡುವೆ ಹುರಿದ ಶೇಂಗಾದ ಬಣ್ಣದ ಒಂದು ಮರಿ, ಹೊಟ್ಟೆ ಮಾತ್ರ ದುಂಡಗೆ. ಅದಕ್ಕೆ ಶೇಂಗಾ ಎಂದೇ ಹೆಸರಿಟ್ಟಿದ್ದರು.

“ಬಾರಲೇ ಶೇಂಗಾ” ಎಂದು ನಮ್ಮವನು ಕರೆದ. ಅದು ಬಂತು. “ಕೂಡು” ಅಂದ. ಅದು ಕೂಡಲಿಲ್ಲ, ನಮ್ಮ ಚಪ್ಪಲಿಯನ್ನು ಎಳೆಯಿತು. “ಬ್ಯಾಡ ಬ್ಯಾಡ” ಎಂದು ನಾಂದೇಡದ ಹುಡುಗ ಕೂಗಿದ. ಅವನಿಗೆ ಕನ್ನಡವೆಲ್ಲಿಂದ ಬಂತೆಂದು ನಾವು ಕೇಳಿದೆವು. ಈ ನಾಯಿಗೆ ಮರಾಠಿ ಹೇಳಿದರೆ ತಿಳಿಯುವುದಿಲ್ಲ, ಅದಕ್ಕೇ ಕಲಿಯಬೇಕಾಯಿತು ಎಂದು ಅವನು ನಕ್ಕ. ಒಂದು ವರ್ಷ ಜೊತೆಗಿದ್ದರೂ ಅವರಿಬ್ಬರೂ ನಮ್ಮ ಹುಡುಗನಿಂದ ಒಂದು ಕನ್ನಡ ಪದವನ್ನೂ ಕಲಿತಿರಲಿಲ್ಲ. ಅವನೂ ಕಲಿಸಿರಲಿಲ್ಲ. ಮರಿ ಬಂದು ವಾರವಾಗುವಷ್ಟರಲ್ಲಿ ನಾಲ್ಕು ಪದ ಕೋಣೆಯಲ್ಲಿ ಓಡಾಡುತ್ತಿದ್ದವು.

ಮುಂಜಾನೆ ಐದೂವರೆಗೆ ಶೇಂಗಾ ಕುಂಯ್‌ಗುಟ್ಟುತ್ತಿತ್ತಂತೆ. ಆಗ ನಮ್ಮವನು ಎದ್ದು ಪತ್ರಿಕೆ ಬದಲಿಸಿ, ನೆಲ ಒರೆಸಿ, ಅನ್ನ ಕಲಸಿ ಇಡಬೇಕು. ಎದ್ದವನು ಮತ್ತೆ ಮಲಗಿದರೆ ಅದು ಕಿವಿ ಕಚ್ಚುತ್ತಿತ್ತು. ಹಾಗಾಗಿ ಮಲಗದೆ ಕಾಲೇಜಿಗೆ ಹೋಗುತ್ತಿದ್ದ. ಕೆಳಗಿನ ಮನೆಯೊಡತಿ ಆಜಿ ಮೊದಲು ಬೈದು, ಆಮೇಲೆ ಒಂದು ವಾರದ ಗಡುವು ಕೊಟ್ಟು, ಆ ವಾರ ಮುಗಿದದ್ದನ್ನು ಮರೆತವರಂತೆ ಇದ್ದರು.

ಹೊರಡುವಾಗ ಅವನು ಕೇಳಿದ: “ಲಸಿಕೆ ಹಾಕಿಸ್ಬೇಕಂತ್ರಿ ಫಾದರ್. ಮುಂದಿನ ತಿಂಗಳ ರೊಕ್ಕದಾಗ ಹಾಕಿಸ್ಲೇನು?”

“ಬೀದಿ ನಾಯಿಗೆ ಎಂಥಾ ಲಸಿಕೆ ತಮ್ಮಾ? ಅದರ ತಾಯಿಗೆ ಯಾರು ಹಾಕಿಸಿದ್ದರು?” ಎಂದೆವು ನಾವು. ಆ ಮಾತು ಇಂದಿಗೂ ಚುಚ್ಚುತ್ತದೆ.

ದಸರೆಗೆ ಇನ್ನೂ ನಾಲ್ಕೈದು ದಿನವಿದ್ದಾಗ ರಾತ್ರಿ ಹತ್ತಕ್ಕೆ ಫೋನ್ ಬಂತು. ಶೇಂಗಾ ಎರಡು ದಿನದಿಂದ ತಿಂದಿಲ್ಲ, ವಾಂತಿ, ಭೇದಿಯಲ್ಲಿ ರಕ್ತ. ರಿಕ್ಷಾ ಹಿಡಿದು ಹೋದೆವು. ರಾತ್ರಿ ತೆರೆದಿರುವ ಒಂದು ಪಶುವೈದ್ಯರ ದವಾಖಾನೆಯಲ್ಲಿ ಮೂವರು ಹುಡುಗರೂ ನಿಂತಿದ್ದರು. ವೈದ್ಯರು ಪಾರ್ವೊ ಎಂದರು. ಅದು ವೈರಾಣುವಿನ ರೋಗ, ಲಸಿಕೆ ಇಲ್ಲದ ಮರಿಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಕೊಲ್ಲುವ ಔಷಧಿಯನ್ನು ಕೊಟ್ಟು ಮುಗಿಸುವ ಹಾಗಿಲ್ಲ. ಸಲೈನ್ ಏರಿಸಿ, ವಾಂತಿ ನಿಲ್ಲಿಸಿ, ಮರಿಯೇ ಹೋರಾಡಿ ಗೆಲ್ಲುವವರೆಗೆ ಕಾಯಬೇಕು. “ಮೊದಲೇ ಲಸಿಕೆ ಹಾಕಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ” ಎಂದರು. ಹುಡುಗ ನಮ್ಮತ್ತ ನೋಡಲಿಲ್ಲ. ನೋಡಿದ್ದರೆ ಹಗುರವಾಗುತ್ತಿತ್ತು.

ಸಲೈನ್ ಹನಿಯುತ್ತಿತ್ತು. ನಾವಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕುಳಿತೆವು. ನಾವು ತಪ್ಪಾಯಿತೆಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದ. ಮೊದಲ ವರ್ಷದ ಎರಡು ವಿಷಯ ಫೇಲಾಗಿವೆ. ಮನೆಯಲ್ಲಿ ಹೇಳಿಲ್ಲ. ಆಗಸ್ಟ್‌ನಿಂದ ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದ. ಹಗಲೆಲ್ಲ ಹೊದ್ದು ಮಲಗುತ್ತಿದ್ದ. ಪೂಜೆಗೂ ಹೋಗುತ್ತಿರಲಿಲ್ಲ, ಹೋದೆನೆಂದು ನಮಗೆ ಸುಳ್ಳು ಹೇಳಿದ್ದ.

“ವಿಸರ್ಜನಿ ರಾತ್ರಿ ನಾ ಮೆರವಣಿಗಿ ನೋಡಾಕ ಹೊಂಟಿರಲಿಲ್ರಿ ಫಾದರ್. ಮಂದಿ ಎಲ್ಲಾ ಆ ಕಡೆ ಹೊಂಟಿದ್ರು. ನಾ ಒಬ್ಬಾವ ನದಿ ಕಡೆ ಹೊಂಟಿದ್ದೆ. ಇದರ ದನಿ ಕೇಳಿ ನಿಂತೆ.”

ಅವನು ಹೇಳಿದ್ದು ಇಷ್ಟೇ. ಗುರುವಾಗಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಎಷ್ಟೋ ಜನರ ದುಃಖಕ್ಕೆ ಕಿವಿಯಾಗಿದ್ದೆವು, ಎಷ್ಟೋ ಧ್ಯಾನಕೂಟಗಳಲ್ಲಿ ಯುವಕರಿಗೆ ಉಪದೇಶಿಸಿದ್ದೆವು. ಈ ಹುಡುಗನನ್ನು ಮಾತ್ರ ಎರಡು ಪ್ರಶ್ನೆಗಳ ಆಚೆಗೆ ಏನೂ ಕೇಳಿರಲಿಲ್ಲ. ಅಂದು ಅವನ ಕೈಹಿಡಿದು ನೇರವಾಗಿಯೇ ಕೇಳಿದೆವು: “ಈಗಲೂ ಹಾಗೆ ಅನಿಸುತ್ತದೆಯಾ?” ಅವನು ತಲೆಯಲ್ಲಾಡಿಸಿ, “ಈಗ ಅದಕ್ಕ ಮುಂಜಾನಿ ಅನ್ನ ಇಡಬೇಕಲ್ರಿ” ಅಂದ. ಅಷ್ಟರಿಂದ ನಾವು ಸುಮ್ಮನಾಗಲಿಲ್ಲ. ಅದೇ ವಾರ ಅವನ ಜೊತೆ ಹೋಗಿ ಆಪ್ತ ಸಮಾಲೋಚಕರನ್ನು ಕಂಡೆವು. ನಾಯಿಮರಿ ಒಂದು ರಾತ್ರಿ ಅವನನ್ನು ನಿಲ್ಲಿಸಿತು ನಿಜ. ಮುಂದಿನ ರಾತ್ರಿಗಳ ಹೊಣೆಯನ್ನೆಲ್ಲ ಆ ಬಡಪಾಯಿಯ ಮೇಲೆ ಹೊರಿಸಬಾರದಲ್ಲವೇ?

ಐದು ದಿನ ಸಲೈನ್ ನಡೆಯಿತು. ಖರ್ಚನ್ನು ಮೂವರು ಹುಡುಗರು ಹಂಚಿಕೊಂಡರು, ನಾಲ್ಕನೆಯ ಪಾಲು ನಮ್ಮದು. ಆರನೆಯ ದಿನ ಆಜಿ ಮಾಡಿಕೊಟ್ಟ ತೆಳು ಗಂಜಿಯನ್ನು ಶೇಂಗಾ ನೆಕ್ಕಿತು. ಅಕ್ಟೋಬರ್ 28 ಕೋಜಾಗಿರಿ, ನಮ್ಮ ಕಡೆಯ ಸೀಗಿ ಹುಣ್ಣಿಮೆ. ನಡುರಾತ್ರಿಯ ಮೇಲೆ ಚಂದ್ರಗ್ರಹಣವೂ ಇದ್ದುದರಿಂದ ಆಜಿ ಹಾಲು ಕಾಯಿಸಲಿಲ್ಲ. ಹುಡುಗರೇ ಕಾಯಿಸಿ ಮಾಳಿಗೆಯ ಮೇಲೆ ನಮಗೂ ಒಂದು ಲೋಟ ಕೊಟ್ಟರು. ಎಲುಬು ಕಾಣುತ್ತಿದ್ದ ಶೇಂಗಾ ಅವನ ತೊಡೆಯ ಮೇಲಿತ್ತು. ಅಲ್ಲಿಂದಲೇ ಅವನು ಮನೆಗೆ ಫೋನ್ ಮಾಡಿ ಫೇಲಾದದ್ದನ್ನು ಹೇಳಿದ. ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಅಪ್ಪ ಸಿಟ್ಟಾದರೆ ಫೋನ್ ತೆಗೆದುಕೊಂಡು ಮಾತಾಡೋಣವೆಂದು ನಾವು ಕೈ ಚಾಚಿದ್ದೆವು. ಅದರ ಅಗತ್ಯ ಬೀಳಲಿಲ್ಲ. ಅಪ್ಪ ಕೇಳಿದ್ದು ಒಂದೇ: “ಉಂಡಿ ಏನು?”

ನವೆಂಬರ್ 12ಕ್ಕೆ ದೀಪಾವಳಿ. ಪಟಾಕಿಯ ಸದ್ದು ನಮಗೇ ಕಿವಿಗಡಚಿಕ್ಕುತ್ತದೆ. ನಾಯಿಯ ಕಿವಿ ನಮಗೆ ಕೇಳಿಸದ ಸ್ವರಗಳನ್ನೂ ಹಿಡಿಯುವಷ್ಟು ಸೂಕ್ಷ್ಮ. ಆ ಮರಿಯನ್ನು ಪೇಠೆಯ ಗದ್ದಲದಲ್ಲಿ ಬಿಡುವುದಾಗಲಿ, ರೈಲಿನ ಜನದಟ್ಟಣೆಯಲ್ಲಿ ಒಯ್ಯುವುದಾಗಲಿ ಸಾಧ್ಯವಿರಲಿಲ್ಲ. ಚಾದರ ಇಳಿಸಿ ಸೋಲಾಪುರಕ್ಕೆ ಮರಳುತ್ತಿದ್ದ ಪರಿಚಯದ ಟೆಂಪೋ ಒಂದರಲ್ಲಿ ಇಬ್ಬರೂ ಊರಿಗೆ ಹೋದರು. ಅವ್ವ ಬಾಗಿಲಲ್ಲೇ, “ಒಳಗ ಬ್ಯಾಡ” ಎಂದರಂತೆ. ಬೀಡಿಯ ಎಲೆ ತುಂಬಿದ ಮೊರದ ಪಕ್ಕದಲ್ಲಿ ಅದು ಮಲಗಿದ್ದ ಫೋಟೋ ಅಂದು ಸಂಜೆಯೇ ನಮಗೆ ಬಂತು.

ಹುಡುಗ ಪುಣೆಗೆ ಮರಳಿದ. ಶೇಂಗಾ ಊರಲ್ಲೇ ಉಳಿಯಿತು. ಬಿಟ್ಟು ಬರುವುದು ಅವನಿಗೆ ಸುಲಭವಾಗಿರಲಿಲ್ಲ. ಆದರೆ ಅಷ್ಟರಲ್ಲಿ ಕೋಣೆಯಲ್ಲಿ ಗೆಳೆಯರಿದ್ದರು, ಕೆಳಗೆ ಆಜಿ ಇದ್ದರು, ವಾರಕ್ಕೊಮ್ಮೆ ಸಮಾಲೋಚಕರಿದ್ದರು. ಒಂದು ವಿಷಯ ಮುಂದಿನ ಪರೀಕ್ಷೆಯಲ್ಲಿ ಪಾಸಾಯಿತು, ಇನ್ನೊಂದು ಮತ್ತೆರಡು ಸಲ ಕಾಡಿತು.

ನಾಯಿ ಸಾಕಿದರೆ ಎಲ್ಲ ಸರಿಹೋಗುತ್ತದೆಂದು ನಾವು ಹೇಳುತ್ತಿಲ್ಲ. ಅದು ಹತ್ತು ಹದಿನೈದು ವರ್ಷದ ಹೊಣೆ. ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಗಳ ಅಂತರದಲ್ಲಿ ಮುಂದಿನವು, ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಲೇಬೇಕು. ನಾಯಿ ಕಚ್ಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇದನ್ನು ಮಾಡಲಾಗದವರು ಮರಿಯನ್ನು ಮನೆಗೆ ತರದಿರುವುದೇ ದಯೆ.

ತೋಬಿಯನ ಹಿಂದೆ ಹೋದ ನಾಯಿಯನ್ನು ಈಗ ನಾವು ಬೇರೆ ರೀತಿಯಲ್ಲಿ ನೆನೆಯುತ್ತೇವೆ. ಅದು ಅವನಿಗೆ ದಾರಿ ತೋರಿಸಲಿಲ್ಲ, ಬುದ್ಧಿ ಹೇಳಲಿಲ್ಲ, ಜೊತೆಗೆ ಹೋಯಿತು, ಜೊತೆಗೆ ಬಂತು. ನಾವು ಬರೀ ಬುದ್ಧಿ ಹೇಳಿದ್ದೆವು.

ನಮ್ಮ ಧರ್ಮಕೇಂದ್ರಗಳಿಂದ ಪುಣೆ, ಮುಂಬಯಿ, ಹೈದರಾಬಾದ್, ಚೆನ್ನೈ, ಬೆಂಗಳೂರುಗಳಿಗೆ ಓದಲು ಹೋದ ಮಕ್ಕಳು ಬಹಳ. ಮಕ್ಕಳ ಮಾತು ಕಡಿಮೆಯಾಗಿದ್ದರೆ, ದನಿ ಬಾಡಿದ್ದರೆ ತಡಮಾಡದೆ ಹೋಗಿ ನೋಡಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದ ಮೇಲೆ ನಿಮ್ಮ ಮಗನಿಗೋ ಮಗಳಿಗೋ ಒಂದು ಫೋನ್ ಮಾಡಿರಿ. ಅಂಕಗಳ ಮಾತು ಆಮೇಲಿರಲಿ, ಮೊದಲು ಊಟದ ಮಾತಾಡಿರಿ.

ಅವ್ವ ಈಗಲೂ ಮಗನಿಗೆ ಫೋನ್ ಮಾಡಿದಾಗ ಮಾತು ಮುಗಿದ ಮೇಲೆ ಫೋನನ್ನು ಶೇಂಗಾದ ಕಿವಿಗೆ ಹಿಡಿಯುತ್ತಾರಂತೆ. ಪುಣೆಯಿಂದ “ಏನ್ ಮಾಡಾಕತ್ತೀಯಲೇ?” ಎಂಬ ದನಿ ಬಂದ ಕೂಡಲೇ ಅದು ಬಾಗಿಲಿಗೆ ಓಡಿ ಬೀದಿಯನ್ನು ನೋಡುತ್ತದಂತೆ.