ಒಂದು ಕ್ರೆಡಿಟ್ಟಿನ ದೇಶಭಕ್ತಿ

ಎರಡು ತಿಂಗಳಿಂದ ಏನೂ ಬರೆದಿಲ್ಲ ಅಂದರೆ ಸುಳ್ಳಾಗುತ್ತೆ. ಬರೆದದ್ದೇ ಬರೆದದ್ದು. ಲ್ಯಾಬ್ ರೆಕಾರ್ಡು, ಅಬ್ಸರ್ವೇಶನ್ ಬುಕ್ಕು, ಇಂಟರ್ನಲ್ಸು, ಐದು ಸಬ್ಜೆಕ್ಟಿನ ಅಸೈನ್‌ಮೆಂಟು... ಮಧ್ಯದ ಬೆರಳಿನ ಮೇಲೆ ಪೆನ್ನು ಒತ್ತಿ ಒತ್ತಿ ಗಂಟಾಗಿದೆ. ಆದರೆ ಅಷ್ಟರಲ್ಲೂ ನನ್ನದು ಅಂತ ಹೇಳಿಕೊಳ್ಳಬಹುದಾದದ್ದು ಮೊದಲ ಪುಟದ ಮೇಲಿನ ಹೆಸರು ಮತ್ತು ಯುಎಸ್‌ಎನ್ ನಂಬರು, ಅಷ್ಟೇ :-)

ಇಂಜಿನಿಯರಿಂಗಿನ ಎರಡನೇ ಸೆಮಿಸ್ಟರ್. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಮೂವರು ಹುಡುಗಿಯರು ಸೇರಿ ಒಂದು ರೂಮು ಮಾಡಿದ್ದೇವೆ. ನಲ್ಲಿಗೆ ನೀರು ಬರುವ ದಿನವಾದರೆ ಐದಕ್ಕೆ ಏಳಬೇಕು, ಇಲ್ಲದಿದ್ದರೆ ಆರಕ್ಕೆ. ಅವಲಕ್ಕಿ ಒಗ್ಗರಣೆ, ಬಸ್ಸು, ಕ್ಲಾಸು, ಲ್ಯಾಬು, ಮತ್ತೆ ಬಸ್ಸು. ರೂಮಿಗೆ ಬಂದು ಮುಖ ತೊಳೆದುಕೊಳ್ಳುವಷ್ಟರಲ್ಲಿ ವಾಟ್ಸಾಪಿನಲ್ಲಿ ಮರುದಿನದ ಸಬ್ಮಿಷನ್ ಬಂದು ಕೂತಿರುತ್ತದೆ. ನಾಗರ ಪಂಚಮಿಗೆ ಊರಿಗೆ ಹೋಗೋಕೂ ಆಗಲಿಲ್ಲ, ಇಂಟರ್ನಲ್ಸ್ ಇತ್ತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದೇ ಇರೋದು ಅಂದರೆ ಏನು ಅಂತ ಹಾವೇರಿ-ಧಾರವಾಡ ಕಡೆಯವರಿಗೆ ಹೇಳಬೇಕಾಗಿಲ್ಲ. ಅವ್ವ ಫೋನಿನಲ್ಲಿ "ಇನ್ನೂ ಲಗ್ನ ಆಗಿಲ್ಲ, ಈಗ್ಲೇ ಪಂಚಮಿಗೆ ಬರೂದು ಬಿಟ್ಯಲ್ಲ" ಅಂದು ನಕ್ಕಳು. ನಕ್ಕಳೋ ಇಲ್ಲವೋ, ಫೋನಿನಲ್ಲಿ ಗೊತ್ತಾಗಲಿಲ್ಲ.

ಇಂಥದರಲ್ಲಿ ಬಂತು ಸಂವಿಧಾನದ ಅಸೈನ್‌ಮೆಂಟು. ಒಂದೇ ಕ್ರೆಡಿಟ್ಟಿನ ಸಬ್ಜೆಕ್ಟ್ ಅದು. ಗಣಿತಕ್ಕೆ ನಾಲ್ಕು, ದೇಶಕ್ಕೆ ಒಂದು. (ಕನ್ನಡಕ್ಕೂ ಒಂದೇ, ಬೇಜಾರು ಮಾಡ್ಕೋಬೇಡಿ.) ವಿಷಯ: ಮೂಲಭೂತ ಕರ್ತವ್ಯಗಳು ಮತ್ತು ದೇಶಭಕ್ತಿ. ಆರು ಪುಟ, ಇಂಗ್ಲಿಷಿನಲ್ಲಿ, ಕಡ್ಡಾಯವಾಗಿ ಕೈಬರಹ. ಪ್ರಿಂಟ್ ತೆಗೆದು ಕೊಟ್ಟರೆ ಎಲ್ಲಿಂದಲೋ ಎತ್ತಿದ್ದು ಅಂತ ಸರ್‌ಗೆ ಅನುಮಾನ. ಕೈಯಲ್ಲಿ ಬರೆಸಿದರೆ ನಾವು ಎತ್ತಿದ್ದನ್ನು ಕೈಯಲ್ಲಿ ಬರೆಯುತ್ತೇವೆ ಅಂತ ಅವರಿಗೂ ಗೊತ್ತಿರಬೇಕು. ನಮ್ಮ ಕ್ಲಾಸಿನ ಒಬ್ಬಾತ ಚಾಟ್‌ಜಿಪಿಟಿಗೆ ಪ್ರಶ್ನೆ ಹಾಕಿ, ಬಂದ ಉತ್ತರವನ್ನು ಗ್ರೂಪಿಗೆ ಹಾಕಿದ. ಅರ್ಧ ಗಂಟೆಯಲ್ಲಿ ಎಲ್ಲರ ದೇಶಭಕ್ತಿಯೂ ಸಿದ್ಧ!

ರಾತ್ರಿ ಒಂಬತ್ತೂವರೆಗೆ ಫೋನನ್ನು ಸ್ಟೀಲ್ ಡಬ್ಬಿಗೆ ಆನಿಸಿ ನಿಲ್ಲಿಸಿ ನಾನೂ ಬರೆಯೋಕೆ ಕೂತೆ. ಸಂವಿಧಾನ ಜಾರಿಗೆ ಬಂದಾಗ ಮೂಲಭೂತ ಕರ್ತವ್ಯಗಳೇ ಇರಲಿಲ್ಲ, 1976ರ 42ನೇ ತಿದ್ದುಪಡಿಯಲ್ಲಿ 51ಎ ವಿಧಿಯಾಗಿ ಹತ್ತು ಸೇರಿದವು, ಹನ್ನೊಂದನೆಯದು 2002ರ 86ನೇ ತಿದ್ದುಪಡಿಯಲ್ಲಿ ಬಂತು, ಹೀಗೆ. ಅದರಲ್ಲಿ ಹತ್ತನೆಯದು, ಎಲ್ಲ ಕೆಲಸದಲ್ಲೂ ಶ್ರೇಷ್ಠತೆಗಾಗಿ ಶ್ರಮಿಸಬೇಕು ಅನ್ನುವ ಅರ್ಥದ್ದು. ಅದನ್ನು ಕಾಪಿ ಹೊಡೆಯುವಾಗ ಅದರ ಮಜಾ ನನಗೆ ಹೊಳೆಯಲೇ ಇಲ್ಲ. ಕಾಪಿ ಮಾಡುವಾಗ ಏನೂ ಹೊಳೆಯೋದಿಲ್ಲ, ಅದೇ ಅದರ ಸುಖ. ಕಣ್ಣು ಫೋನಿನ ಮೇಲೆ, ಕೈ ಹಾಳೆಯ ಮೇಲೆ, ಮನಸ್ಸು ಇನ್ನೂ ಮುಟ್ಟದ ಡ್ರಾಯಿಂಗ್ ಶೀಟಿನ ಮೇಲೆ.

ಆಗ ಬಂದರು ಪಕ್ಕದ ಮನೆಯ ಅಕ್ಕಾರು, ಒಂದು ಬಟ್ಟಲಲ್ಲಿ ಪಂಚಮಿ ಉಂಡಿ ಹಿಡಿದುಕೊಂಡು. ಶೇಂಗಾದ್ದು ಎರಡು, ಎಳ್ಳಿಂದು ಎರಡು. ನಾವು ಊರಿಗೆ ಹೋಗಿಲ್ಲ ಅಂತ ಹಬ್ಬ ಮುಗಿದು ವಾರವಾದರೂ ತೆಗೆದಿಟ್ಟಿದ್ದರು. ನಾವು ಏಳದೇ ಹೋದ ದಿನ ನಮ್ಮ ಕೊಡಪಾನಕ್ಕೂ ನೀರು ಹಿಡಿದಿಡುವವರು ಇವರೇ. ಇಲ್ಲೇ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ಘಟಕದಲ್ಲಿ ಹೊಲಿಗೆ ಕೆಲಸ. ಹೌದು, ರಾಷ್ಟ್ರಧ್ವಜ ಹೊಲಿಯುವವರು. ವರ್ಷದಿಂದ ಅವರ ಪಕ್ಕದಲ್ಲಿದ್ದೇನೆ, ಅದರ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಟೈಮ್ ಎಲ್ಲಿದೆ?

"ಏನ್ ಬರಿಯಾಕತ್ತೀಯವಾ ಇಷ್ಟೊತ್ತಿನ್ಯಾಗ?"

"ಅಸೈನ್‌ಮೆಂಟ್ ರೀ ಅಕ್ಕಾರ. ದೇಶಭಕ್ತಿ ಮ್ಯಾಲೆ."

"ಅದಕ್ಕೂ ಮಾರ್ಕ್ಸ್ ಕೊಡ್ತಾರೇನು?"

"ಹತ್ತು ರೀ."

"ಓದಿ ಹೇಳು ನೋಡೂಣು, ಏನೇನ್ ಬರದೀ."

ಇಂಗ್ಲಿಷ್ ಓದಿದರೆ ಅವರಿಗೆ ತಿಳಿಯೋದಿಲ್ಲ. ಹಾಗಾಗಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಸಂಕೋಚದ ಸಂಗತಿ ಏನೆಂದರೆ, ನಾನು ಬರೆದದ್ದು ನನಗೇ ಅರ್ಥವಾಗಿದ್ದು ಆಗಲೇ. ಎರಡು ಕಡೆ ನನಗೆ ಕನ್ನಡವೂ ಸಿಗಲಿಲ್ಲ, ಇಂಗ್ಲಿಷೂ ತಿಳಿಯಲಿಲ್ಲ, ಹಾರಿಸಿಬಿಟ್ಟೆ. ಮೂರನೇ ಪುಟದಲ್ಲಿ ಧ್ವಜದ ಗೌರವದ ವಿಷಯ ಇತ್ತು. ರಾಷ್ಟ್ರಧ್ವಜವನ್ನು ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯಲ್ಲಿ ಮಾತ್ರ ಮಾಡಬೇಕು, ಸೂರ್ಯ ಮುಳುಗುವ ಮೊದಲು ಇಳಿಸಬೇಕು...

ಅಕ್ಕಾರು ಕೈ ಅಡ್ಡ ಹಿಡಿದರು. "ಮಾತ್ರ ಅಂತ ಬರದೀಯೇನು?"

"ಹೂನ್ರಿ."

"ಆ 'ಮಾತ್ರ' ಹೋಗಿ ಮೂರು ವರ್ಷದ ಮ್ಯಾಲಾತಲ್ಲವಾ."

ಸಿಟ್ಟಿನಿಂದ ಅಂದದ್ದಲ್ಲ. ಸಕ್ಕರೆ ತೀರಿದೆ ಅನ್ನೋ ಹಾಗೆ ಅಂದರು. ಆಮೇಲೆ ಅವರೇ ಹೇಳಿದ್ದು: ಈಗ ಪಾಲಿಯೆಸ್ಟರ್ ಬಟ್ಟೇದೂ ನಡೀತದ, ಮಷೀನಿಂದೂ ನಡೀತದ. ಬಟ್ಟೆ ನೇಯೋದು, ಬಣ್ಣ ಹಾಕೋದು, ಚಕ್ರ ಪ್ರಿಂಟ್ ಮಾಡೋದು, ಹೊಲಿಯೋದು ಎಲ್ಲ ಹೇಳಿದರು. ಬಾಗಲಕೋಟೆ ಕಡೆ ತುಳಸಿಗೇರಿಯಲ್ಲಿ ಬಟ್ಟೆ ನೇಯುತ್ತಾರಂತೆ. ಅಳತೆಗಳು ಒಂಬತ್ತು. ಮೇಜಿನ ಮೇಲಿಡುವ 150×100 ಮಿಲಿಮೀಟರಿನದರಿಂದ ಹಿಡಿದು 6300×4200 ಮಿಲಿಮೀಟರಿನವರೆಗೆ, ಅಂದರೆ ಹೆಚ್ಚುಕಮ್ಮಿ ಇಪ್ಪತ್ತೊಂದು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ನಮ್ಮ ರೂಮಿನಲ್ಲಿ ಅದನ್ನು ಬಿಡಿಸೋಕೇ ಆಗೋದಿಲ್ಲ! ಚಕ್ರಕ್ಕೆ ಇಪ್ಪತ್ನಾಲ್ಕು ಅರೆಗಳು, ಎರಡೂ ಬದಿಯಿಂದ ಸರಿಯಾಗಿ ಕಾಣಬೇಕು, ಒಂದರ ಬೆನ್ನಿಗೆ ಒಂದು ಕೂಡಬೇಕು. ಒಂಚೂರು ಸರಿದರೂ ಆ ತುಂಡು ವಾಪಸ್. "ನಿಮ್ಮ ಸರ್ ಏನ್ ಚೆಕ್ ಮಾಡ್ತಾರು, ನಮ್ಮ ಚೆಕ್ಕಿಂಗ್ ನೋಡ್ಬೇಕು ನೀ" ಅಂದು ನಕ್ಕರು.

"ಈಗ ಕೆಲಸ ಕಡಿಮಿ ಆಗೇತೇನ್ರಿ?" ಅಂದೆ.

"ಹೆಚ್ಚು ಕಡಿಮಿ ಇರ್ತೈತವಾ. ಬರಿ ನೀ, ಹೊತ್ತಾತು" ಅಂದು ಎದ್ದು ಹೋದರು. ಬಟ್ಟಲು ನಾಳೆ ಕೊಡು ಅಂದರು.

ಬಾಗಿಲು ಹಾಕಿದ ಮೇಲೆ ನನಗೆ ನೆನಪಾದದ್ದು 2022ರ ಆಗಸ್ಟ್. 'ಹರ್ ಘರ್ ತಿರಂಗಾ'. ನಾನಾಗ ಪಿಯುಸಿ. ಅಂಚೆ ಕಚೇರಿಯಲ್ಲೂ 25 ರೂಪಾಯಿಗೆ ಬಾವುಟ ಸಿಗುತ್ತಿತ್ತು. ಅಪ್ಪ ತಂದಿದ್ದರು. ಬೆತ್ತದ ಕೋಲಿಗೆ ಕಟ್ಟಿ ಮಾಳಿಗೆ ಮೇಲೆ ನಿಲ್ಲಿಸಿದವಳು ನಾನೇ. ಆ ಮೂರು ದಿನ ನಮ್ಮ ಓಣಿ ಎಷ್ಟು ಚೆಂದ ಕಾಣುತ್ತಿತ್ತು ಅಂದರೆ, ಅದನ್ನು ಈಗಲೂ ಸುಳ್ಳು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಗೌಂಡಿ ಕೆಲಸದವರ ತಗಡಿನ ಮನೆ ಮೇಲೂ ಬಾವುಟ ಇತ್ತು. ಖಾದಿಯದೇ ಆಗಬೇಕು ಅಂದಿದ್ದರೆ ಆ ಮನೆಯವರು ಕೊಳ್ಳುತ್ತಿದ್ದರಾ? ನಾವಾದರೂ ಕೊಳ್ಳುತ್ತಿದ್ದೆವಾ? ಆದರೆ ಆ ಬಟ್ಟೆ ಎಲ್ಲಿಂದ ಬಂತು, ಯಾರು ಹೊಲಿದರು, ಯಾರು ಹೊಲಿಯುವುದು ನಿಂತಿತು ಅಂತ ಒಂದು ಕ್ಷಣವೂ ಯೋಚಿಸಿರಲಿಲ್ಲ ಅನ್ನೋದೂ ನಿಜ. ನಮ್ಮೂರು ಬ್ಯಾಡಗಿ ತಾಲೂಕು. ಮೋಟೆಬೆನ್ನೂರು ಹತ್ತಿರ. ಗಾಂಧೀಜಿ ಜೊತೆ 1930ರಲ್ಲಿ ದಂಡಿಗೆ ನಡೆದ ಮೈಲಾರ ಮಹಾದೇವಪ್ಪನವರ ಊರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಿದ್ದಾಗ ಅವರಿಗೆ ಮೂವತ್ತೊಂದು ವರ್ಷ. ಅವರು ಊರೂರಿಗೆ ಖಾದಿ ಹೊತ್ತುಕೊಂಡು ಹೋದವರು ಅಂತ ಅಜ್ಜ ಹೇಳುತ್ತಿದ್ದ. ಅಷ್ಟು ಕೇಳಿ ಬೆಳೆದವಳು ನಾನು, ಫೋನು ನೋಡಿ 'ಮಾತ್ರ' ಅಂತ ಬರೆದಿದ್ದೆ.

ಮೊದಲು ವೈಟ್ನರ್ ಹಚ್ಚಿದೆ. ಆ ಶಬ್ದ ಒಂದೇ ಅಳಿಸಿದರೆ ಸಾಕಲ್ಲ ಅಂತ. ಆದರೆ ಸೂರ್ಯಾಸ್ತದ್ದು ಸರಿ ಇದೆಯಾ ಅಂತ ಅನುಮಾನ ಬಂತು. ಗೃಹ ಸಚಿವಾಲಯದ ಧ್ವಜ ಸಂಹಿತೆಯನ್ನೇ ಹುಡುಕಿ ತೆಗೆದೆ. 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೆ ಅನುಮತಿ. 2022ರ ಜುಲೈನಲ್ಲಿ ಇನ್ನೊಂದು ತಿದ್ದುಪಡಿ, ಸಾರ್ವಜನಿಕರು ಮನೆ ಮೇಲೆ ಹಗಲೂ ರಾತ್ರಿಯೂ ಹಾರಿಸಬಹುದು. ಒಂದೇ ಪ್ಯಾರಾದಲ್ಲಿ ಎರಡು ತಪ್ಪು! ಚೆಂದದ ಇಂಗ್ಲಿಷಿನಲ್ಲಿ, ಎಷ್ಟು ಧೈರ್ಯವಾಗಿ ಬರೆದಿತ್ತು ಅಂದರೆ ಯಾರಿಗೂ ಅನುಮಾನ ಬರಬಾರದು.

ಆ ಪುಟ ಹರಿದು ಹಾಕಿ ಮತ್ತೆ ಬರೆದೆ. ನನ್ನ ಇಂಗ್ಲಿಷಿನಲ್ಲಿ, ಅಂದರೆ ನೀವು ಊಹಿಸಿಕೊಳ್ಳಿ. ಬೆಂಗೇರಿಯ ಬಗ್ಗೆ, ಒಂಬತ್ತು ಅಳತೆಗಳ ಬಗ್ಗೆ, ಮಾಳಿಗೆ ಮೇಲಿನ ನಮ್ಮ 25 ರೂಪಾಯಿ ಬಾವುಟದ ಬಗ್ಗೆ. ಯಾವುದು ಸರಿ ಅಂತ ತೀರ್ಮಾನ ಹೇಳೋಕೆ ನನಗೆ ಆಗಲಿಲ್ಲ, ಹಾಗಂತಲೇ ಬರೆದೆ. ಮುಗಿದಾಗ ಒಂದು ಗಂಟೆ ಮೇಲಾಗಿತ್ತು, ಆರು ಪುಟ ಏಳೂವರೆ ಆಗಿತ್ತು. ಡ್ರಾಯಿಂಗ್ ಶೀಟು ಹಾಗೇ ಉಳಿಯಿತು. ಮರುದಿನ ಅದಕ್ಕೆ ಬೈಸಿಕೊಂಡೆ.

ಐದು ದಿನಕ್ಕೆ ಅಸೈನ್‌ಮೆಂಟ್ ವಾಪಸ್ ಬಂತು. ಹೆಚ್ಚುಕಮ್ಮಿ ಎಲ್ಲರಿಗೂ ಒಂಬತ್ತು. ನನಗೆ ಎಂಟು. 'ಪುಟದ ಮಿತಿ ಮೀರಿದೆ, ನೀಟಾಗಿಲ್ಲ' ಅಂತ ಕೆಂಪು ಶಾಯಿಯಲ್ಲಿ. ಸಿಆರ್ ಹತ್ತಿರ ಕಟ್ಟು ಇದ್ದಾಗ ನಾನೂ ರೂಮ್‌ಮೇಟೂ ಕೂತು ಮೂರನೇ ಪುಟ ತಿರುವಿ ನೋಡಿದೆವು. ಮೂವತ್ತೆಂಟು ಜನ 'ಮಾತ್ರ' ಅಂತ ಬರೆದಿದ್ದರು. ಮೂವತ್ತೆಂಟು ಬಗೆಯ ಕೈಬರಹ, ಒಂದೇ ತಪ್ಪು.

ಒಂದು ಮಾರ್ಕಿಗೆ ಜಗಳ ಆಡೋಕೆ ಬಂದಳು ಅಂದುಕೊಳ್ಳುತ್ತಾರೇನೋ ಅಂತ ಹೆದರುತ್ತಲೇ ಸರ್ ಹತ್ತಿರ ಹೋದೆ. ತಪ್ಪು ಇದೆ ಅಂತ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಾಲ್ಕು ಸೆಕ್ಷನ್ನಮ್ಮ. ಇನ್ನೂರ ನಲವತ್ತು ಅಸೈನ್‌ಮೆಂಟು. ಮೇಲೆ ಅಡ್ಮಿಷನ್ ಡ್ಯೂಟಿ. ಸುಳ್ಳು ಯಾಕೆ ಹೇಳ್ಲಿ, ಓದಿಲ್ಲ." ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾವು ಓದದೇ ಬರೆದೆವು, ಅವರು ಓದದೇ ತಿದ್ದಿದರು, ಲೆಕ್ಕ ಸರಿಯಾಯ್ತು. ಆಮೇಲೆ ನನ್ನದನ್ನು ತೆಗೆದುಕೊಂಡು ಮೂರನೇ ಪುಟದಿಂದ ಕೊನೆವರೆಗೆ ಅಲ್ಲೇ ನಿಂತು ಓದಿದರು. ಮಾರ್ಕ್ಸ್ ಬದಲಾಯಿಸಲಿಲ್ಲ. "ನಾಳೆ ಲಾಸ್ಟ್ ಅವರ್‌ನಲ್ಲಿ ಐದು ನಿಮಿಷ ಕ್ಲಾಸಿಗೆ ಹೇಳ್ತೀಯಾ?" ಅಂದರು.

ಹೇಳಿದೆ. ಸ್ಟೇಜು ಅಂದರೆ ಕಾಲು ನಡುಗುವ ನಾನು! ನಾಲ್ಕೂಕಾಲಾಗಿತ್ತು, ಎಲ್ಲರ ಬ್ಯಾಗೂ ಹೆಗಲ ಮೇಲೆ. ನಮ್ಮ ಕಾಲೇಜಿನಿಂದ ಒಂದು ಸಿಟಿ ಬಸ್ಸಿನ ದಾರಿಯಲ್ಲಿ ದೇಶದ ಬಾವುಟ ಹೊಲಿಯುತ್ತಾರೆ ಅನ್ನೋದು ಅರ್ಧ ಕ್ಲಾಸಿಗೆ ಗೊತ್ತೇ ಇರಲಿಲ್ಲ. ಹುಬ್ಬಳ್ಳಿಯಲ್ಲೇ ಹುಟ್ಟಿದವರಿಗೂ! ಇಬ್ಬರು ನಿಜವಾಗಿ ಕೇಳಿದರು. ಒಬ್ಬಳು, ಹೋಗಿ ನೋಡೋಕೆ ಬಿಡ್ತಾರಾ ಅಂತ ಕೇಳಿದಳು. ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿದ. ನನಗೆ ಖುಷಿ.

"ಹಂಗಾದ್ರ ಈಗ ಮತ್ತ ಬರದು ಕೊಡಬೇಕೇನ್ರಿ ಸರ್?"

ಸರ್ ಬೇಡ ಅಂದರು. ಕ್ಲಾಸೆಲ್ಲ ಚಪ್ಪಾಳೆ. ಆ ಚಪ್ಪಾಳೆ ನನಗೇನೂ ಅಲ್ಲ :-)

ಹದಿನೈದರ ಬೆಳಿಗ್ಗೆ ಏಳೂವರೆಗೆ ಕಾಲೇಜಿನಲ್ಲಿ ಹಾಜರಿ ಕಡ್ಡಾಯ. ಅಕ್ಕಾರು ಹಿಂದಿನ ರಾತ್ರಿ ಹೇಳಿದ್ದರು, ಬಾವುಟ ಬಿಚ್ಚಿಕೊಂಡಾಗ ಚಕ್ರ ನೋಡು, ಆ ಕಡೆದೂ ಈ ಕಡೆದೂ ಕೂಡಿರ್ತೈತೋ ಇಲ್ಲೋ ಗೊತ್ತಾಗ್ತೈತಿ ಅಂತ. ನೋಡೋಣ ಅಂತ ಮುಂದಿನ ಸಾಲಿನಲ್ಲೇ ನಿಂತೆ. ಗಂಟು ಬಿಚ್ಚಿತು, ಹೂವು ತಲೆ ಮೇಲೆ ಬಿದ್ದವು, ಗಾಳಿ ಇರಲಿಲ್ಲ. ಜಿಟಿಜಿಟಿ ಮಳೆಗೆ ಬಟ್ಟೆ ಕಂಬಕ್ಕೆ ಅಂಟಿಕೊಂಡಿತು. ರಾಷ್ಟ್ರಗೀತೆ ಮುಗಿಯುವವರೆಗೂ ಕಣ್ಣು ಕೀಲಿಸಿ ನೋಡಿದೆ, ಒಂದು ನೀಲಿ ಅಂಚು ಬಿಟ್ಟರೆ ಚಕ್ರ ಕಾಣಲೇ ಇಲ್ಲ. ಖಾದಿಯೋ ಪಾಲಿಯೆಸ್ಟರೋ ಅಂತ ಅಟೆಂಡರ್ ಕಾಕಾನ ಕೇಳೋಣ ಅಂದುಕೊಂಡೆ. ಅವರು ಲಾಡು ಹಂಚುವ ಗಡಿಬಿಡಿಯಲ್ಲಿದ್ದರು.

ಒಂಬತ್ತೂವರೆಗೆ ರೂಮಿಗೆ ಬಂದೆ. ಅಕ್ಕಾರ ಮನೆಗೆ ಬೀಗ. ಉಂಡಿಯ ಬಟ್ಟಲು ಇನ್ನೂ ನನ್ನ ಹತ್ತಿರವೇ ಇದೆ, ಖಾಲಿ ಬಟ್ಟಲು ವಾಪಸ್ ಕೊಡಬಾರದು ಅಂತ ಅವ್ವ ಹೇಳುತ್ತಿರುತ್ತಾಳೆ. ಏನು ಹಾಕಿ ಕೊಡಲಿ ಅಂತ ಯೋಚಿಸುತ್ತಾ ಡ್ರಾಯಿಂಗ್ ಶೀಟು ಬಿಡಿಸಿ ಕೂತೆ. ನಾಳೆ ಸಬ್ಮಿಷನ್ನು.