ಕ್ಯಾಂಪಸ್ ಡೈರಿ 9: ಮಾತ್ರೆ ಚೀಲ

ಒಂದು ತಪ್ಪೊಪ್ಪಿಗೆ ಇದೆ. ಕ್ಲಾಸಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ.

2024ರ ಅಕ್ಟೋಬರ್ 22. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ, ಜನರನ್ನ ದೋಣೀಲಿ ಹೊರಗೆ ತರ್ತಿದ್ರು. ಆ ದೋಣಿ ವಿಡಿಯೋ ನೀವೂ ಸ್ಟೋರಿಗೆ ಹಾಕಿರ್ತೀರ. ನಾನು ಗೇಟ್ ಹತ್ರ ನಿಂತು ಕಾಲೇಜ್ ಪೇಜಿಗೆ ಶೂಟ್ ಮಾಡ್ತಿದ್ದೆ. ದೋಣಿಯಿಂದ ಇಳೀತಿದ್ದ ಒಬ್ಬರು ಅಜ್ಜಿ ಮಾತ್ರೆ ಚೀಲ ಚಾಚಿ, "ಸ್ವಲ್ಪ ಹಿಡ್ಕೊಳ್ಳಮ್ಮ" ಅಂದ್ರು. ನನ್ನ ಒಂದು ಕೈ ಖಾಲಿ ಇತ್ತು. ಆದ್ರೂ ಫ್ರೇಮ್ ಸರಿ ಮಾಡ್ಕೊಂಡು ನಿಂತೆ. ಚೀಲ ಬೇರೆ ಯಾರೋ ಹಿಡಿದ್ರು.

ಆ ರೀಲ್‌ಗೆ ನನಗೆ ಯಾವತ್ತೂ ಬರದಷ್ಟು ಲೈಕ್ ಬಂತು. ಅದೇ ಈಗ ಚುಚ್ತಿರೋದು.

ಆಮೇಲೆ ಹಳೇ ಸುದ್ದಿ ಹುಡುಕಿದೆ. ಇದೇ ಜಾಗ 2021ರ ನವೆಂಬರ್‌ನಲ್ಲೂ ಮುಳುಗಿತ್ತು. ಆಗಲೂ ಯಲಹಂಕ ಕೆರೆ ತುಂಬಿ ಹರಿದಿತ್ತು, ಆಗಲೂ ದೋಣಿ, ಆಗಲೂ ವಿಡಿಯೋ. ನಡುವಿನ ಮೂರು ವರ್ಷ ರಾಜಕಾಲುವೆ ಏನಾಯ್ತು? ಇದೇ ಏರಿಯಾದವಳು ನಾನು, ಒಂದು ಸಲವೂ ಹೋಗಿ ನೋಡಿರ್ಲಿಲ್ಲ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಅಂತ ಮೊದಲ ಸೆಮಿಸ್ಟರ್‌ನಲ್ಲೇ ಬಾಯಿಪಾಠ ಮಾಡಿದ್ದೀವಿ ಅಲ್ವಾ? ನನ್ನ ಮೂವತ್ತು ಸೆಕೆಂಡಲ್ಲಿ "ಯಾಕೆ" ಇರ್ಲೇ ಇಲ್ಲ. (ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ ನಿಂತ್ರೆ ಇಂಥವೆಲ್ಲ ಯೋಚಿಸೋಕೆ ಬೇಕಾದಷ್ಟು ಟೈಮ್ ಸಿಗುತ್ತೆ ಬಿಡಿ.)

ಈ ಭಾನುವಾರ ಕೆರೆಯಿಂದ ಕಾಲುವೆ ಪಕ್ಕದಲ್ಲೇ ನಡ್ಕೊಂಡು ಹೋಗ್ತೀನಿ. ಮಳೆ ಇಲ್ಲ, ದೋಣಿ ಇಲ್ಲ, ರೀಲ್‌ಗೆ ಏನೂ ಸಿಗಲ್ಲ. ಬರೋರು ಬೆಳಗ್ಗೆ ಏಳಕ್ಕೆ ಯಲಹಂಕ ಓಲ್ಡ್ ಟೌನ್ ಬಸ್‌ಸ್ಟ್ಯಾಂಡ್ ಹತ್ರ ಸಿಗಿ. ಹಳೇ ಚಪ್ಪಲಿ ಹಾಕ್ಕೊಂಡು ಬನ್ನಿ.

#ಯಲಹಂಕ #ರಾಜಕಾಲುವೆ