ಅಪ್ಪನ ಕಿಡ್ನಿ ಮತ್ತು ಕೌಟು ಕೊಬ್ಬರಿ

ಗ್ಯಾಸ್ಟ್ರಿಕ್ ಅಂತ ಅಪ್ಪನಿಗೆ ಹೊಟ್ಟೆ ಸ್ಕ್ಯಾನ್ ಮಾಡಿಸಿದ್ವಿ. ಸಿಕ್ಕಿದ್ದು ಎಡ ಕಿಡ್ನಿಯಲ್ಲಿ 4 ಸೆಂಟಿಮೀಟರ್ ಗಡ್ಡೆ. ಸಿಟಿ ಸ್ಕ್ಯಾನ್ ನೋಡಿದ ಡಾಕ್ಟರು, "ಕ್ಯಾನ್ಸರ್ ಇರೋ ಸಾಧ್ಯತೆನೇ ಜಾಸ್ತಿ. ಆದ್ರೆ ನಡುವೆ ಗಾಯದ ಕಲೆ ಥರ ಕಾಣ್ತಿದೆ, ಆಂಕೋಸೈಟೋಮಾನೂ ಇರಬಹುದು. ಅದು ಕ್ಯಾನ್ಸರ್ ಅಲ್ಲ" ಅಂದರು.

"ಹಾಗಾದ್ರೆ ಯಾವುದು ಸರ್?"

"ತೆಗೆದು ನೋಡಿದ ಮೇಲೆ ಹೇಳ್ಬೇಕು."

ಅಷ್ಟು ದೊಡ್ಡ ಮೆಷಿನ್ ಇಟ್ಟುಕೊಂಡು ಹೀಗಂತಾರಲ್ಲ ಅಂತ ನನಗೆ ಸಿಟ್ಟು. ತಿಪಟೂರಿನಲ್ಲಿ ಕೊಬ್ಬರಿ ಜೊತೆಗೇ ಬೆಳೆದ ಅಪ್ಪ ಮಾತ್ರ ಸುಲಭವಾಗಿ ಒಪ್ಪಿಕೊಂಡರು. "ಮೇಲೆ ಚೆನ್ನಾಗಿದ್ರೂ ಒಳಗೆ ಕೌಟು ಇರುತ್ತೆ ಕಣಮ್ಮ. ಒಡೆದೇ ನೋಡ್ಬೇಕು."

ಕಿಡ್ನಿ ಉಳಿಸಿ ಗಡ್ಡೆಯನ್ನಷ್ಟೇ ತೆಗೆದರು. ವಾರದ ನಂತರ ಬಂದ ರಿಪೋರ್ಟ್‌ನಲ್ಲಿ ಆಂಕೋಸೈಟೋಮಾ ಅಥವಾ ಕ್ರೋಮೋಫೋಬ್ ಕ್ಯಾನ್ಸರ್, ಇನ್ನಷ್ಟು ಪರೀಕ್ಷೆ ಬೇಕು ಅಂತಿತ್ತು. ಒಡೆದು ನೋಡಿದರೂ ಗೊತ್ತಾಗಲಿಲ್ಲ! ಅಮ್ಮನಿಗೆ "ಲ್ಯಾಬ್‌ನೋರು ಲೇಟ್ ಮಾಡ್ತಿದ್ದಾರೆ" ಅಂದೆ. ಅಮ್ಮ ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ. ಅದೇ ಕಷ್ಟವಾಗಿದ್ದು.

ತಡೆಯಲಾಗದೆ ಪೆಥಾಲಜಿಸ್ಟ್ ಹತ್ತಿರವೇ ಹೋದೆ. ಪಾಪ, ಮೈಕ್ರೋಸ್ಕೋಪ್ ಬಿಟ್ಟೆದ್ದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎರಡರಲ್ಲೂ ಮೈಟೋಕಾಂಡ್ರಿಯಾ ತುಂಬಿದ ಗುಲಾಬಿ ಬಣ್ಣದ ಕೋಶಗಳಿರಬಹುದು. ಆಂಕೋಸೈಟೋಮಾದಲ್ಲಿ ನ್ಯೂಕ್ಲಿಯಸ್ ಸಾಮಾನ್ಯವಾಗಿ ದುಂಡಗೆ. ಕ್ರೋಮೋಫೋಬ್‌ನಲ್ಲಿ ಒಣದ್ರಾಕ್ಷಿಯಂತೆ ಸುಕ್ಕು, ಸುತ್ತ ತಿಳಿಯಾದ ಒಂದು ಬಳೆ. ಅಪ್ಪನದ್ದು ಕೆಲವು ಕಡೆ ಹೀಗೆ, ಕೆಲವು ಕಡೆ ಹಾಗೆ. ಅದಕ್ಕೇ ವಿಶೇಷ ಬಣ್ಣಗಳ ಪರೀಕ್ಷೆ. ಸಿಡಿ117 ಎರಡರಲ್ಲೂ ಪಾಸಿಟಿವ್ ಬರುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಸಿಕೆ7 ಕ್ರೋಮೋಫೋಬ್‌ನಲ್ಲಿ ಸಾಮಾನ್ಯವಾಗಿ ಬಹುತೇಕ ಕೋಶಗಳಿಗೆ ಹತ್ತುತ್ತೆ, ಆಂಕೋಸೈಟೋಮಾದಲ್ಲಿ ಅಲ್ಲೊಂದು ಇಲ್ಲೊಂದು. ಎರಡು ಬಗ್‌ಗೂ ಒಂದೇ ಎರರ್ ಮೆಸೇಜ್ ಬಂದಾಗ ನಾನೂ ಇನ್ನೊಂದು ಲಾಗ್ ಹಾಕಿ ನೋಡ್ತೀನಲ್ಲ, ಅಲ್ಲಿಗೆ ನನ್ನ ಸಿಟ್ಟು ಇಳಿಯಿತು.

"ಬೇಕಿದ್ರೆ ಸ್ಲೈಡ್, ಬ್ಲಾಕ್ ತಗೊಂಡು ಇನ್ನೊಬ್ಬರಿಗೂ ತೋರಿಸಿ, ನನಗೇನೂ ಬೇಜಾರಿಲ್ಲ" ಅಂದರು. ಹೀಗೆ ಕೇಳಬಹುದು ಅನ್ನೋದೇ ನನಗೆ ಗೊತ್ತಿರಲಿಲ್ಲ. ತೋರಿಸಿದ್ವಿ. ಇಬ್ಬರೂ ಒಂದೇ ಹೇಳಿದರು: ಸಿಕೆ7 ಅಲ್ಲೊಂದು ಇಲ್ಲೊಂದು, ಆಂಕೋಸೈಟೋಮಾ.

ಅಮ್ಮ ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಪ್ಪ ಹೊಲಿಗೆ ಮುಟ್ಟಿ ನೋಡಿಕೊಂಡು, "ಹಂಗಾದ್ರೆ ಸುಮ್ನೆ ಕುಯ್ಯಿಸ್ಕೊಂಡ್ನಾ?" ಅಂದರು.

ಅದನ್ನೂ ನಾನು ಡಾಕ್ಟರನ್ನ ಕೇಳಿದ್ದೆ. ಸೂಜಿ ಹಾಕಿ ಮೊದಲೇ ಒಂದು ಚೂರು ತೆಗೆಯಬಹುದಿತ್ತು, ಆದರೆ ಆ ಚೂರಿನಲ್ಲೂ ಇದೇ ಅನುಮಾನ ಉಳಿಯಬಹುದಿತ್ತಂತೆ. ಅಪ್ಪನಿಗೆ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಬ್ಬರಿ ರೇಟ್ ಎಷ್ಟಿದೆ ನೋಡಮ್ಮ ಫೋನಲ್ಲಿ" ಅಂದರು.